ರಾಕರ್‌ಗೆ ಒಬ್ಬನೇ ಕಾವಲುಗಾರ

1955ರಲ್ಲಿ ಷೆವ್ರೊಲೆ ಹೊರತಂದ 265 ಘನ ಅಂಗುಲದ ವಿ-8 ಎಂಜಿನ್‌ನಲ್ಲಿ ರಾಕರ್‌ಗಳನ್ನು, ಅಂದರೆ ವಾಲ್ವನ್ನು ಒತ್ತಿ ತೆರೆಯುವ ತೋಳುಗಳನ್ನು, ಪೋಣಿಸುವ ಉದ್ದನೆಯ ಶಾಫ್ಟೇ ಇರಲಿಲ್ಲ. ಉಕ್ಕಿನ ತಗಡನ್ನು ಅಚ್ಚೊತ್ತಿ ಮಾಡಿದ ಹಗುರ ರಾಕರ್, ಪ್ರತಿಯೊಂದಕ್ಕೂ ಒಂದು ಸ್ಟಡ್, ಅದರ ಮೇಲೆ ಅರೆಗುಂಡು, ನಟ್ಟು. ಅಷ್ಟೇ. ತೂಕವೂ ತಗ್ಗಿತು, ಖರ್ಚೂ ಉಳಿಯಿತು. ಆದರೆ ಸ್ಟಡ್‌ನ ಸುತ್ತ ಸುಲಭವಾಗಿ ತಿರುಗುವ ರಾಕರ್ ಪಕ್ಕಕ್ಕೆ ವಾಲಿ ವಾಲ್ವ್ ತುದಿಯಿಂದ ಜಾರದಂತೆ ಹಿಡಿಯುವವರು ಯಾರು? ನಮ್ಮ ಹಳೆಯ ಅಂಬಾಸಿಡರ್‌ನ ಬಿಎಂಸಿ ಮೂಲದ ಎಂಜಿನ್‌ನಲ್ಲಿ ರಾಕರ್‌ಗಳು ಶಾಫ್ಟ್ ಮೇಲೆಯೇ ಇದ್ದುದರಿಂದ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಷೆವ್ರೊಲೆ ಮೊದಲು ಕಂಡುಕೊಂಡ ಉಪಾಯ ಸಿಲಿಂಡರ್ ಹೆಡ್‌ನಲ್ಲೇ ಇತ್ತು. ರಾಕರನ್ನು ಕೆಳಗಿನಿಂದ ತಳ್ಳುವ ಪುಶ್‌ರಾಡ್ ಹಾದುಹೋಗುವ ಕಿಂಡಿಯನ್ನು ಇಕ್ಕಟ್ಟಾಗಿ ಕೊರೆದರು. ರಾಡ್ ನೆಟ್ಟಗೆ ನಿಂತರೆ ರಾಕರ್ ಕೂಡ ನೆಟ್ಟಗೆ. ಬಿಗಿ ಸ್ಪ್ರಿಂಗ್‌ನ ಜೋರು ಎಂಜಿನ್‌ಗಳಿಗೆ ಸ್ಟಡ್‌ನ ಬುಡದಲ್ಲಿ ಪುಶ್‌ರಾಡನ್ನು ಹಿಡಿದಿಡುವ ಗೈಡ್‌ಪ್ಲೇಟ್ ಬಂತು. 1980ರ ದಶಕದ ಕೊನೆಗೆ ಆ ಕೆಲಸ ರಾಕರ್‌ಗೇ ವರ್ಗವಾಯಿತು: ಮೂತಿಯ ಎರಡೂ ಬದಿ ಸಣ್ಣ ಅಂಚು, ಅದು ವಾಲ್ವ್ ತುದಿಯನ್ನು ತಬ್ಬಿ ಹಿಡಿಯುತ್ತದೆ.

ತೊಂದರೆ ಶುರುವಾಗುವುದು ಹೆಡ್ ಬದಲಿಸುವಾಗ. 1996ರಲ್ಲಿ ಬಂದ ಷೆವ್ರೊಲೆಯ ವೋರ್ಟೆಕ್ ಹೆಡ್ ಅಗ್ಗ, ಗಾಳಿ ಚೆನ್ನಾಗಿ ಎಳೆಯುತ್ತದೆ; ಹಾಗಾಗಿ ಎಪ್ಪತ್ತರ ದಶಕದ ಷೆವ್ರೊಲೆ 350 ಎಂಜಿನ್ ಇಟ್ಟುಕೊಂಡವರಿಗೆ ಅದರ ಮೇಲೆ ಕಣ್ಣು. ಇನ್‌ಟೇಕ್ ಮ್ಯಾನಿಫೋಲ್ಡ್ ಬೇರೆ ಬೇಕೆಂಬುದು ಬೋಲ್ಟ್ ಕೂರದಿದ್ದಾಗ ತಾನೇ ಗೊತ್ತಾಗುತ್ತದೆ. ರಾಕರ್ ವಿಷಯ ಹಾಗಲ್ಲ. ಹಳೆಯದೂ ಸಲೀಸಾಗಿ ಕೂರುತ್ತದೆ, ನಟ್ಟೂ ಬಿಗಿಯುತ್ತದೆ. ಆದರೆ ಈ ಹೆಡ್‌ನ ಕಿಂಡಿ ಅಗಲ, ಗೈಡ್‌ಪ್ಲೇಟ್ ಇಲ್ಲ. ಅಂಚಿಲ್ಲದ ರಾಕರನ್ನು ಹಿಡಿಯುವವರೇ ಇಲ್ಲ.

ಇದಕ್ಕೆ ಹೆದರಿ ಎರಡೂ ಕಾವಲು ಹಾಕುವವರಿದ್ದಾರೆ: ಗೈಡ್‌ಪ್ಲೇಟೂ ಇರಲಿ, ಅಂಚಿನ ರಾಕರೂ ಇರಲಿ ಎಂದು. ಪ್ಲೇಟು ಒಂದು ಗೆರೆಗೆ ಎಳೆದರೆ ಅಂಚು ಇನ್ನೊಂದು ಗೆರೆಗೆ ಎಳೆಯುತ್ತದೆ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಸವೆಯುವುದು ನಡುವೆ ಸಿಕ್ಕ ವಾಲ್ವ್ ಕಾಂಡ ಮತ್ತು ಅದರ ಗೈಡ್. ಅಂಚಿನ ರಾಕರ್‌ಗೆ ತನ್ನದೇ ಇನ್ನೊಂದು ಅಪಾಯವೂ ಉಂಟು. ಫೋರ್ಡ್ 1966ರ ನಡುವಿನಿಂದ 289 ಎಂಜಿನ್‌ಗೆ ಇಂಥದ್ದನ್ನೇ ಹಾಕಿತು. ಮೂತಿ ಸವೆದಂತೆ ಅಂಚು ಕೆಳಗಿಳಿದು ಸ್ಪ್ರಿಂಗ್ ಮೇಲಿನ ರಿಟೇನರನ್ನು ಒತ್ತಬಹುದು. ವಾಲ್ವನ್ನು ರಿಟೇನರ್‌ಗೆ ಹಿಡಿದಿಡುವ ಲಾಕ್ ಸಡಿಲವಾದರೆ ವಾಲ್ವ್ ನೇರ ಪಿಸ್ಟನ್ ಮೇಲೆ ಬೀಳುತ್ತದೆ.

ದಿನನಿತ್ಯ ಓಡಿಸುವ ಗಾಡಿಯಾದರೆ ವೋರ್ಟೆಕ್‌ಗೆ ಅಂಚಿನ ರಾಕರನ್ನೇ ಹಾಕಿ ಸುಮ್ಮನಿರುವುದು ಲೇಸು. ಗೈಡ್‌ಪ್ಲೇಟ್ ಬೇಕೆಂದರೆ ಒತ್ತಿ ಕೂರಿಸಿದ ಸ್ಟಡ್ ಕಿತ್ತು, ಅದರ ದಿಂಡನ್ನು ತಗ್ಗಿಸಿ, ತಿರುಪಿನ ಎಳೆ ಕೊರೆದು, ತಿರುಪು ಸ್ಟಡ್ ಕೂರಿಸಬೇಕು. ಜೋರು ಸ್ಪ್ರಿಂಗ್, ಎತ್ತರದ ಕ್ಯಾಮ್ ಹಾಕುವವರಿಗೆ ಮಾತ್ರ ಆ ಖರ್ಚು ದಕ್ಕುತ್ತದೆ. ಹೊಳೆಯುವ ರೋಲರ್ ರಾಕರ್ ಮೊದಲು ಕೊಂಡು, ಆಮೇಲೆ ಅದಕ್ಕೆ ಹೆಡ್ ಹುಡುಕುವುದಂತೂ ಶುದ್ಧ ಉಲ್ಟಾ ಕೆಲಸ.

ಗೈಡ್‌ಪ್ಲೇಟ್ ಇದ್ದಲ್ಲಿ ಪುಶ್‌ರಾಡ್ ಗಡಸು ಮಾಡಿದ್ದೇ ಆಗಬೇಕು. ಮೆತ್ತನೆಯದಾದರೆ ಪ್ಲೇಟು ಅದನ್ನು ಕೆರೆದು, ಲೋಹದ ಪುಡಿಯನ್ನು ಆಯಿಲ್‌ಗೆ ಕಳಿಸುತ್ತದೆ. ಹಳೆಯ ರಾಡ್ ಎಂಥದ್ದೆಂಬ ಅನುಮಾನವಿದ್ದರೆ ಅದರ ನಡುಭಾಗಕ್ಕೆ ಅರ ಹಚ್ಚಿ ನೋಡಿ: ಗಡಸಾಗಿದ್ದರೆ ಅರ ಜಾರುತ್ತದೆ, ಕಚ್ಚಿದರೆ ಆ ರಾಡ್ ಗುಜರಿಗೆ.