ಮಿಸ್ವಾಕ್ ಮಾಡುವ ಮನೆಯಲ್ಲೂ ಹಲ್ಲು ಹುಳುಕಾಗುವುದೇಕೆ?

ತಹಾರತ್ ಕುರಿತು ಜುಮಾ ಖುತ್ಬಾ ನಡೆದಾಗಲೆಲ್ಲ ಮಿಸ್ವಾಕ್‌ನ ಮಾತು ಬಂದೇ ಬರುತ್ತದೆ. ಸಮುದಾಯಕ್ಕೆ ಕಷ್ಟವಾದೀತು ಎಂಬ ಕಾಳಜಿ ಇಲ್ಲದಿದ್ದರೆ ಪ್ರತಿ ನಮಾಝಿಗೂ ಮಿಸ್ವಾಕ್ ಮಾಡಲು ಆಜ್ಞಾಪಿಸುತ್ತಿದ್ದೆ ಎಂಬರ್ಥದ ಪ್ರವಾದಿ ಮುಹಮ್ಮದ್(ಸ)ರ ಮಾತು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮನೆಗೆ ಬಂದೊಡನೆ ಅವರು ಮೊದಲು ಮಾಡುತ್ತಿದ್ದುದು ಮಿಸ್ವಾಕ್ ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಇದನ್ನೆಲ್ಲ ಕೇಳಿ ಬೆಳೆದ ನಮ್ಮ ಮನೆಗಳಲ್ಲಿ, ಅದು ಗುರಪ್ಪನಪಾಳ್ಯವಿರಲಿ, ಇಲ್ಯಾಸ್ ನಗರವಿರಲಿ, ತಿಲಕ್ ನಗರವಿರಲಿ, ನಾಲ್ಕು ವರ್ಷದ ಮಗು ನಕ್ಕಾಗ ಮುಂದಿನ ಹಲ್ಲುಗಳು ಕಪ್ಪಾಗಿ ಸವೆದಿರುವುದು ಅಪರೂಪವಲ್ಲ. "ಹಾಲು ಹಲ್ಲು ತಾನೆ, ಬಿದ್ದು ಹೊಸದು ಬರುತ್ತೆ ಬಿಡಿ" ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ.

ಹುಳುಕು ಎಂಬ ಪದವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸಿದೆ. ದಖನಿಯಲ್ಲೂ ಹಲ್ಲಿಗೆ 'ಕೀಡಾ' ಹತ್ತಿತು ಎನ್ನುತ್ತೇವೆ. ಹಲ್ಲಿನೊಳಗೆ ಹುಳ ಇರುವುದಿಲ್ಲ. ಇರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಅವುಗಳಲ್ಲಿ ಮುಖ್ಯವಾದದ್ದು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ನಾವು ತಿಂದ ಸಕ್ಕರೆಯನ್ನೇ ಅದೂ ತಿಂದು ಆಮ್ಲ ಹೊರಬಿಡುತ್ತದೆ. ಆ ಆಮ್ಲಕ್ಕೆ ಹಲ್ಲಿನ ಹೊರಕವಚವಾದ ಎನಾಮಲ್‌ನಿಂದ ಕ್ಯಾಲ್ಸಿಯಂ ಕರಗಿ ಹೋಗುತ್ತದೆ. ಅಲ್ಲಾಹನು ಇದಕ್ಕೆ ಪರಿಹಾರವನ್ನೂ ಬಾಯಿಯಲ್ಲೇ ಇಟ್ಟಿದ್ದಾನೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಉಗುಳು ಆಮ್ಲವನ್ನು ತಣಿಸಿ, ಕಳೆದ ಖನಿಜವನ್ನು ಹಲ್ಲಿಗೆ ಮರಳಿಸತೊಡಗುತ್ತದೆ.

ಆದರೆ ಆ ಒಂದು ಗಂಟೆಯ ಬಿಡುವನ್ನು ನಾವು ಕೊಡುತ್ತೇವೆಯೇ? ಬೆಳಿಗ್ಗೆ ಚಹಾ ಮತ್ತು ರಸ್ಕ್, ಹತ್ತಕ್ಕೆ ಇನ್ನೊಂದು ಚಹಾ, ಅಸರ್ ನಂತರ ಬನ್ನು ಬಿಸ್ಕತ್ತು, ನಡುವೆ ಮಗುವಿನ ಕೈಗೆ ಅಂಗಡಿಯ ಚಾಕಲೇಟು. ಪ್ರತಿ ಸಲವೂ ಆಮ್ಲದ ದಾಳಿ ಹೊಸದಾಗಿ ಶುರುವಾಗುತ್ತದೆ. ಈದ್ ದಿನ ಊಟದ ಜೊತೆ ಒಂದು ದೊಡ್ಡ ಬಟ್ಟಲು ಶೀರ್ ಖುರ್ಮಾ ಕುಡಿದರೆ ಅದು ಒಂದೇ ದಾಳಿ. ಅಷ್ಟೇ ಸಕ್ಕರೆಯನ್ನು ದಿನವಿಡೀ ಆರು ಲೋಟ ಚಹಾದಲ್ಲಿ ಹಂಚಿಕೊಂಡರೆ ಆರು ದಾಳಿ. ಎಷ್ಟು ಸಿಹಿ ಎಂಬುದಕ್ಕಿಂತ ಎಷ್ಟು ಸಲ ಎಂಬುದೇ ಹಲ್ಲಿಗೆ ಹೆಚ್ಚು ಕೆಟ್ಟದ್ದು.

ಎಲ್ಲಕ್ಕಿಂತ ಕೆಟ್ಟದ್ದು ರಾತ್ರಿಯ ಹಾಲಿನ ಬಾಟಲಿ. ನಿದ್ದೆಯಲ್ಲಿ ಉಗುಳು ಬಹಳ ಕಡಿಮೆಯಾಗುತ್ತದೆ. ಸಕ್ಕರೆ ಹಾಕಿದ ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ಗಂಟೆಗಟ್ಟಲೆ ನಿಂತಿರುತ್ತದೆ. ಕೆಳಗಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡು ಕಾಪಾಡುವುದರಿಂದ ಹುಳುಕು ಮೊದಲು ಮೇಲೆಯೇ ಕಾಣುತ್ತದೆ. ಜೇನು ಶಿಫಾ ಎಂಬುದು ನಿಜ. ಆದರೆ ಮಗು ಮಲಗುವಾಗ ನಿಪ್ಪಲ್‌ಗೆ ಸವರಿದ ಜೇನು ಹಲ್ಲಿಗೆ ಬರೀ ಸಕ್ಕರೆ. ಒಂದು ವರ್ಷದೊಳಗಿನ ಮಗುವಿಗಂತೂ ಬೇರೆ ಅಪಾಯವೂ ಇರುವುದರಿಂದ ಜೇನು ಕೊಡಲೇಬಾರದು. ಬಾಟಲಿಯನ್ನು ಒಂದೇ ದಿನದಲ್ಲಿ ಬಿಡಿಸಲಾಗದಿದ್ದರೆ ಮೊದಲು ಸಕ್ಕರೆ ನಿಲ್ಲಿಸಿ, ದಿನದಿಂದ ದಿನಕ್ಕೆ ನೀರು ಬೆರೆಸುತ್ತಾ ಬಂದು ಕೊನೆಗೆ ಬರೀ ನೀರು ಕೊಡಬಹುದು. ನಾಲ್ಕು ರಾತ್ರಿ ಮನೆಯವರಿಗೆ ನಿದ್ದೆ ಇರುವುದಿಲ್ಲ, ಅಷ್ಟೆ.

ಇನ್ನು 'ಬೀಳುವ ಹಲ್ಲು' ಎಂಬ ಮಾತು. ಮುಂದಿನ ಹಾಲು ಹಲ್ಲುಗಳು ಆರೇಳು ವರ್ಷಕ್ಕೆ ಬಿದ್ದರೂ ದವಡೆಯ ಹಾಲು ಹಲ್ಲುಗಳು 10ರಿಂದ 12 ವರ್ಷದವರೆಗೆ ಇರಬೇಕು. ಅವು ಕೊಳೆತರೆ ಮಗು ಒಂದೇ ಕಡೆ ಅಗಿಯುತ್ತದೆ, ಊಟ ಬಿಡುತ್ತದೆ, ರಾತ್ರಿ ಅಳುತ್ತದೆ, ಮುಖ ಊದಿಕೊಂಡು ಶಾಲೆ ತಪ್ಪುತ್ತದೆ. ಬೇಗ ಕಿತ್ತರೆ ಪಕ್ಕದ ಹಲ್ಲುಗಳು ವಾಲಿ ಹೊಸದಕ್ಕೆ ಜಾಗವಿಲ್ಲದಂತಾಗುತ್ತದೆ. ಅನೇಕ ತಂದೆತಾಯಿಯರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಆರನೇ ವರ್ಷಕ್ಕೆ ಯಾವ ಹಲ್ಲೂ ಬೀಳದೆ ಎಲ್ಲಕ್ಕಿಂತ ಹಿಂದೆ ಹೊಸ ದವಡೆ ಹಲ್ಲು ಹುಟ್ಟುತ್ತದೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಅದನ್ನೂ ಹಾಲು ಹಲ್ಲೆಂದು ತಿಳಿದು ಬಿಟ್ಟುಬಿಡುತ್ತೇವೆ.

ಮಿಸ್ವಾಕ್ ಹಲ್ಲಿನ ಮೇಲಿನ ಪದರವನ್ನು ಚೆನ್ನಾಗಿ ತೆಗೆಯುತ್ತದೆ, ಅದರ ರಸಕ್ಕೂ ಬ್ಯಾಕ್ಟೀರಿಯಾ ತಡೆಯುವ ಗುಣವಿದೆ. ಆದರೆ ಒಣಗಿ ಗಟ್ಟಿಯಾದ ಕಡ್ಡಿಯನ್ನು ಜುಬ್ಬಾದ ಜೇಬಿನಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು ಮುಂದಿನ ಹಲ್ಲಿಗಷ್ಟೇ ತಾಗಿಸಿದರೆ ಹಿಂದಿನ ದವಡೆಯ ಗೀರುಗಳು ಹಾಗೇ ಉಳಿಯುತ್ತವೆ. ತುದಿಯನ್ನು ಆಗಾಗ ಕತ್ತರಿಸಿ ಹೊಸದಾಗಿ ಅಗಿದು ಬಳಸಬೇಕು. ಅದರ ಜೊತೆಗೆ ದಿನಕ್ಕೆರಡು ಸಲ ಫ್ಲೋರೈಡ್ ಇರುವ ಪೇಸ್ಟಿನಿಂದ ಬ್ರಷ್ ಮಾಡಬೇಕು, ಅದರಲ್ಲೊಂದು ಇಶಾ ನಂತರ ಮಲಗುವ ಮುನ್ನ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ನಂತರ ಆರರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಉಗುಳಿದ ಮೇಲೆ ಪದೇ ಪದೇ ಬಾಯಿ ಮುಕ್ಕಳಿಸುವುದು ಬೇಡ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಿಸಬೇಕು.

ಪಾವಗಡ, ಕೋಲಾರದ ಕಡೆಯ ನೆಂಟರ ಹಲ್ಲಿನ ಕಂದು ಕಲೆ ನೋಡಿ ಕೆಲವರು ಫ್ಲೋರೈಡ್ ಪೇಸ್ಟಿಗೇ ಹೆದರುತ್ತಾರೆ. ಆ ಕಲೆ ಚಿಕ್ಕಂದಿನಲ್ಲಿ ವರ್ಷಗಟ್ಟಲೆ ಕುಡಿದ ಕೊಳವೆಬಾವಿ ನೀರಿನದು, ಅದು ಹುಳುಕೂ ಅಲ್ಲ. ಉಗುಳಿಬಿಡುವ ಬಟಾಣಿಯಷ್ಟು ಪೇಸ್ಟಿನಿಂದ ಹಾಗಾಗದು.

ರಮಝಾನಿನಲ್ಲಿ ಇಫ್ತಾರಿನಿಂದ ತರಾವೀಹ್‌ವರೆಗೆ ಬಾಯಿ ನಿಲ್ಲುವುದೇ ಇಲ್ಲ. ಖರ್ಜೂರದಿಂದ ಉಪವಾಸ ಬಿಟ್ಟು, ಮಗ್ರಿಬ್‌ನ ವುಝೂವಿನಲ್ಲಿ ಮೂರು ಸಲ ಚೆನ್ನಾಗಿ ಬಾಯಿ ಮುಕ್ಕಳಿಸಿದರೆ ಅಂಟು ಹೋಗುತ್ತದೆ. ಸಿಹಿಯನ್ನು ಊಟದ ಜೊತೆಗೇ ಮುಗಿಸಿ. ಸಹರಿಯ ಚಹಾದ ನಂತರ, ಅಝಾನ್‌ಗೆ ಮೊದಲು ಬ್ರಷ್ ಮಾಡದೆ ಮಲಗಬೇಡಿ.

ಹಲ್ಲಿನ ಬುಡದಲ್ಲಿ ಸುಣ್ಣದಂಥ ಬಿಳಿ ಕಲೆ ಕಂಡರೆ ಅದೇ ಹುಳುಕಿನ ಮೊದಲ ಗುರುತು. ಆ ಹಂತದಲ್ಲಿ ವೈದ್ಯರು ಹಚ್ಚುವ ಫ್ಲೋರೈಡ್ ವಾರ್ನಿಶ್‌ನಿಂದ ಅದನ್ನು ತಡೆಯಬಹುದು. ಸಣ್ಣ ಗುಂಡಿ ಬಿದ್ದರೆ ತುಂಬಿಸಬಹುದು. ಲವಂಗದೆಣ್ಣೆ ಇಟ್ಟು ನೋವು ಮರೆಸಿ ಕಾಯುತ್ತಾ ಕೂತರೆ ಅದು ನರಕ್ಕೆ ತಲುಪುತ್ತದೆ, ಆಗ ಖರ್ಚು ಹಲವು ಪಟ್ಟು. ಜೆ.ಪಿ. ನಗರದಲ್ಲಿ ಆರ್.ವಿ. ದಂತ ಕಾಲೇಜು, ಬನಶಂಕರಿ ಪಕ್ಕದ ಕುಮಾರಸ್ವಾಮಿ ಲೇಔಟ್‌ನಲ್ಲಿ ದಯಾನಂದ ಸಾಗರ್ ದಂತ ಕಾಲೇಜು, ಕೋಟೆಯ ಬಳಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇವೆ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ ಖರ್ಚು, ಆದರೆ ಕಾಯಬೇಕಾಗುತ್ತದೆ.

ಮಗುವನ್ನು ಕರೆದೊಯ್ಯುವ ತಾಯಿ ತನ್ನ ಹಲ್ಲನ್ನೂ ತೋರಿಸಿಕೊಳ್ಳಲಿ. ತಾಯಿಯ ಬಾಯಿಯ ಬ್ಯಾಕ್ಟೀರಿಯಾ ಒಂದೇ ಚಮಚದ ಮೂಲಕ ಮಗುವಿನ ಬಾಯಿಗೆ ಹೋಗುತ್ತದೆ. ಪರ್ದಾದ ಸಂಕೋಚಕ್ಕೆ ಮುಂದೂಡುವವರು ನೋಂದಣಿ ಕೌಂಟರಿನಲ್ಲೇ ಮಹಿಳಾ ವೈದ್ಯರು ಬೇಕೆಂದು ಹೇಳಬಹುದು. ದಂತ ಕಾಲೇಜುಗಳಲ್ಲಿ ಅವರಿಗೆ ಕೊರತೆಯಿಲ್ಲ.