ಕಳೆದ ಹಕ್ಕಿಗೆ ಹೊಣೆ ಯಾರು?

ಗರ್ಭಪಾತದ ಹಕ್ಕು ಹೆಣ್ಣಿಗೆ ಇಲ್ಲವಾದರೆ ಅದರ ಹೊಣೆ ರಾಜಕಾರಣಿಗಳದೋ, ಅವರನ್ನು ಆರಿಸಿ ಕಳುಹಿಸಿದ ಮತದಾರರದೋ? 2022ರ ಜೂನ್ 24ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1973ರ ತನ್ನ ತೀರ್ಪನ್ನು ತಾನೇ ರದ್ದುಗೊಳಿಸಿದಂದಿನಿಂದ ಈ ಪ್ರಶ್ನೆ ಹಲವು ದೇಶಗಳಲ್ಲಿ ಕೇಳಿಬರುತ್ತಿದೆ. ಕನ್ನಡಿಗರಾದ ನಮಗೆ ಇದರ ಉತ್ತರಕ್ಕೆ ಬೆಳಗಾವಿಯ ಮಗಳೊಬ್ಬಳ ಕಥೆಯೇ ಸಾಕು.

ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇ ನಗರದಲ್ಲಿ ನೆಲೆಸಿದ್ದರು. 2012ರ ಅಕ್ಟೋಬರ್ 21ರಂದು, 17 ವಾರಗಳ ಗರ್ಭಿಣಿಯಾಗಿದ್ದಾಗ, ಬೆನ್ನುನೋವಿನಿಂದ ಆಸ್ಪತ್ರೆ ಸೇರಿದರು. ಗರ್ಭ ಉಳಿಯದೆಂಬುದು ಖಚಿತವಾಯಿತು. ಹಾಗಾದರೆ ತೆಗೆದುಬಿಡಿರೆಂದು ಆಕೆ ಬೇಡಿದರು. ಭ್ರೂಣದ ಹೃದಯ ಇನ್ನೂ ಮಿಡಿಯುತ್ತಿದೆ, ಕಾನೂನು ಒಪ್ಪದು ಎಂಬ ಉತ್ತರ ಬಂದಿತು. ನಂಜು ರಕ್ತಕ್ಕೇರಿ, 28ರಂದು, 31ರ ಹರೆಯದಲ್ಲಿ ಆಕೆ ತೀರಿಕೊಂಡರು. ಸೋಂಕನ್ನು ಸಕಾಲದಲ್ಲಿ ಗುರುತಿಸದ ಲೋಪವೂ ಮುಂದಿನ ವಿಚಾರಣೆಗಳಲ್ಲಿ ಹೊರಬಿದ್ದಿತು.

ಆ ಕಾನೂನನ್ನು ಬಿಗಿಗೊಳಿಸಿದವರು ಯಾರು? ಗರ್ಭಪಾತವು ಅಲ್ಲಿ 1861ರ ಶಾಸನದಿಂದಲೇ ಅಪರಾಧವಾಗಿತ್ತು. ಆ ನಿಷೇಧಕ್ಕೆ ಸಂವಿಧಾನದ ಬೀಗ ಹಾಕಿದವರು ಮಾತ್ರ ಮತದಾರರೇ: 1983ರ ಜನಮತಗಣನೆಯಲ್ಲಿ ನೂರಕ್ಕೆ ಸುಮಾರು 67 ಮತಗಳು ಭ್ರೂಣದ ಜೀವಿಸುವ ಹಕ್ಕು ತಾಯಿಯದಕ್ಕೆ ಸಮವೆಂದು ಸಾರಿದುವು. ಇಷ್ಟರಿಂದ ರಾಜಕಾರಣಿಗಳು ನಿರ್ದೋಷಿಗಳಾಗುವುದಿಲ್ಲ. ತಾಯಿಯ ಪ್ರಾಣಕ್ಕೆ ಅಪಾಯವಿದ್ದರೆ ಗರ್ಭಪಾತ ಸಮ್ಮತವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1992ರಲ್ಲಿಯೇ ಹೇಳಿದ್ದಿತು. ವೈದ್ಯರಿಗೆ ದಾರಿ ತೋರುವಂತೆ ಅದನ್ನು ಶಾಸನರೂಪಕ್ಕೆ ತರಲು 20 ವರ್ಷ ಯಾವ ಸರ್ಕಾರವೂ ಮುಂದಾಗಲಿಲ್ಲ. ಶಾಸನ ಬಂದದ್ದು ಸವಿತಾ ಸತ್ತ ಮೇಲೆ, 2013ರಲ್ಲಿ. ಕೊನೆಗೆ 2018ರ ಮೇ 25ರಂದು ಆ ನಾಡಿನ ಜನರೇ ನೂರಕ್ಕೆ 66ಕ್ಕೂ ಮಿಕ್ಕ ಮತಗಳಿಂದ ಆ ಬೀಗವನ್ನು ತೆಗೆದರು. ಮತದಾರನದು ಮಾಡಿದ ತಪ್ಪು, ರಾಜಕಾರಣಿಯದು ಮಾಡಬೇಕಾದುದನ್ನು ಮಾಡದ ತಪ್ಪು. ಮೊದಲನೆಯದನ್ನು ತಿದ್ದಿಕೊಳ್ಳಲು 35 ವರ್ಷ ಹಿಡಿಯಿತು.

ನಮ್ಮ ದೇಶದಲ್ಲಿ ಕಥೆ ಬೇರೆ. 1971ರ ವೈದ್ಯಕೀಯ ಗರ್ಭಪಾತ ಶಾಸನವು ಚುನಾವಣೆಯ ಹೋರಾಟದಿಂದ ಬಂದುದಲ್ಲ. ಶಾಂತಿಲಾಲ್ ಶಾ ಸಮಿತಿಯ ವರದಿಯಿಂದ ಬಂದುದು. 2021ರ ತಿದ್ದುಪಡಿಯು 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕೆಂದಿತು. ಕೆಲವು ವರ್ಗದ ಸ್ತ್ರೀಯರಿಗೆ, ಇಬ್ಬರು ವೈದ್ಯರು ಒಪ್ಪಿದರೆ, 24 ವಾರಗಳವರೆಗೂ ಅವಕಾಶವಿತ್ತಿತು. ಅವಿವಾಹಿತೆಯರನ್ನು ಇದರಿಂದ ಹೊರಗಿಡಲಾಗದೆಂದು 2022ರ ಸೆಪ್ಟೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ವಯಸ್ಕಳಾದವಳ ಸ್ವಂತ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. ಆದರೂ ನಿರ್ಧಾರದ ಬೀಗದಕೈ ವೈದ್ಯರ ಬಳಿಯೇ ಉಳಿದಿದೆ.

ವೈಟ್‌ಫೀಲ್ಡಿನ ಕಂಪ್ಯೂಟರ್ ಕಚೇರಿಯ ತರುಣಿಗೂ ಪೀಣ್ಯದ ಕಾರ್ಖಾನೆಯ ಹೆಣ್ಣುಮಗಳಿಗೂ ಇರುವುದು ಇದೇ ಕಾನೂನು. ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋದವಳನ್ನು "ಗಂಡನನ್ನು ಕರೆದು ತಾರಮ್ಮ" ಎಂದು ಹಿಂದಕ್ಕೆ ಕಳುಹಿಸಿದರೆ, ಆಕೆಯ ಪಾಲಿಗೆ ಹಕ್ಕು ಅಲ್ಲಿಯೇ ಕಳೆದಂತೆ. ಅದನ್ನು ಕಸಿದುಕೊಳ್ಳಲು ಹೊಸ ಶಾಸನವೇ ಬೇಕಾಗಿಲ್ಲ.

ಮತ ಕೇಳಲು ಬರುವವರು ರಸ್ತೆ, ನೀರು, ದೀಪಗಳ ಮಾತನಾಡುತ್ತಾರೆ. ನಾವೂ ಅಷ್ಟನ್ನೇ ಕೇಳಿ ಕಳುಹಿಸುತ್ತೇವೆ. ಇನ್ನೊಮ್ಮೆ ಅವರು ಬಾಗಿಲಿಗೆ ಬಂದಾಗ ಈ ಪ್ರಶ್ನೆಯನ್ನೂ ಕೇಳೋಣ. ಕೇಳದಿದ್ದರೆ, ನಾಳೆ ಹೊಣೆ ಹೊರಿಸಲು ನಮಗೆ ಯಾವ ಅಧಿಕಾರ?