ಆಯಿಲ್ ಬದಲಿಸಿ, ಹಳೇ ಫಿಲ್ಟರ್ ಉಳಿಸಬೇಡಿ

ಎರಡು ಸಲ ಟ್ರ್ಯಾಕ್ಟರ್ ಆಯಿಲ್ ಬದಲಿಸಿದೆ, ಫಿಲ್ಟರ್ ಮಾತ್ರ ಹಳೇದೇ ಇರಲಿ ಅಂತ ಬಿಟ್ಟೆ. ಗಾಡಿ ಚೆನ್ನಾಗೇ ಓಡ್ತಿತ್ತು. ಮೂರನೇ ಸಲ ನಮ್ಮೂರ ಮೆಕ್ಯಾನಿಕ್ ಆ ಫಿಲ್ಟರ್ ಬಿಚ್ಚಿ, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ತೋರಿಸಿದರು. ಒಳಗಿನ ಕಾಗದದ ಮಡಿಕೆಗಳೆಲ್ಲ ಕಪ್ಪು ಜಿಗುಟಿನಿಂದ ಮುಚ್ಚಿಹೋಗಿದ್ದವು. ಬೆರಳಿಗೆ ಹೊಳೆಯುವ ಲೋಹದ ಪುಡಿ ಅಂಟಿತು. ‘ಇಷ್ಟು ಕಟ್ಟಿದ್ರೂ ಇಂಜಿನ್ ಯಾಕೆ ನಿಲ್ಲಲಿಲ್ಲ?’ ಅಂತ ಕೇಳಿದೆ. ಅವರು ಹೇಳಿದ್ದು ಕಾರು, ಟ್ರ್ಯಾಕ್ಟರ್ ಎರಡಕ್ಕೂ ಅನ್ವಯ.

ಫಿಲ್ಟರ್ ಹೇಗೆ ಕೆಲಸ ಮಾಡುತ್ತೆ?

ಪಂಪ್ ತಳ್ಳಿದ ಆಯಿಲ್ ಫಿಲ್ಟರಿನ ಬಾಯಿಯ ಸುತ್ತ ಇರುವ ಸಣ್ಣ ತೂತುಗಳಿಂದ ಒಳಗೆ ಹೋಗುತ್ತೆ. ಮಡಿಕೆ ಕಾಗದದ ಮೂಲಕ ಹೊರಗಿನಿಂದ ಒಳಕ್ಕೆ ಸೋಸಿ, ನಡುವಿನ ದೊಡ್ಡ ತೂತಿನಿಂದ ಕ್ರ್ಯಾಂಕ್ ಬೇರಿಂಗುಗಳ ಕಡೆ ಹರಿಯುತ್ತೆ. ಮಸಿ, ಧೂಳು, ಸವೆದ ಲೋಹದ ಪುಡಿ ಕಾಗದದಲ್ಲೇ ಉಳಿಯುತ್ತೆ.

ಕಾಗದ ಕಟ್ಟಿಕೊಂಡರೆ ಆಯಿಲ್ ಇಲ್ಲದೆ ಬೇರಿಂಗ್ ಹಿಡಿದುಬಿಡುತ್ತೆ. ಹಾಗಾಗಬಾರದು ಅಂತ ಬೈಪಾಸ್ ವಾಲ್ವ್ ಇರುತ್ತೆ. ಒತ್ತಡ ಹೆಚ್ಚಾದಾಗ ಅದರ ಸ್ಪ್ರಿಂಗ್ ಸರಿದು, ಆಯಿಲ್ ಸೋಸದೆಯೇ ಇಂಜಿನ್ನಿಗೆ ಹೋಗುತ್ತೆ. ಇಲ್ಲೇ ಮೋಸ ಇರೋದು: ಇಂಜಿನ್ ನಿಲ್ಲಲ್ಲ, ಆಯಿಲ್ ಲೈಟೂ ಹತ್ತದೇ ಇರಬಹುದು. ಕೊಳೆ ಆಯಿಲ್ ಬೇರಿಂಗನ್ನು ಸದ್ದಿಲ್ಲದೆ ತೇಯ್ತಾ ಇರುತ್ತೆ. ಫಿಲ್ಟರಿನಲ್ಲಿ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಇಂಜಿನ್ ಕೆಲಸಕ್ಕೆ ಸುರಿಯಬೇಕಾಗುತ್ತೆ.

ಬದಲಿಸುವಾಗ

- ಇಂಜಿನ್ ಸ್ವಲ್ಪ ಬೆಚ್ಚಗಾಗಲಿ, ಆಫ್ ಮಾಡಿ ಆಯಿಲ್ ಇಳಿಸಿ.
- ಹಳೇ ರಬ್ಬರ್ ವಾಷರ್ ಇಂಜಿನ್ನಿಗೇ ಅಂಟಿದೆಯಾ ನೋಡಿ. ಅದರ ಮೇಲೇ ಹೊಸದು ಕೂತರೆ ಆಯಿಲ್ ಸೋರುತ್ತೆ.
- ಹೊಸ ವಾಷರಿಗೆ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ. ವಾಷರ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು.
- ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿ. ಆಯಿಲ್ ಲೈಟ್ ಆರುವವರೆಗೆ ರೇಸ್ ಕೊಡಬೇಡಿ. ಸೋರಿಕೆ ನೋಡಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ಎಳೆದು ಮಟ್ಟ ನೋಡಿ.
- ಹಳೇ ಆಯಿಲ್ಲನ್ನು ಹೊಲಕ್ಕೆ, ಕಾಲುವೆಗೆ ಸುರಿಯಬೇಡಿ. ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ.

ಎಷ್ಟು ಗಂಟೆಗೊಮ್ಮೆ ಬದಲಿಸಬೇಕು ಅನ್ನೋದು ನಿಮ್ಮ ಗಾಡಿಯ ಕೈಪಿಡಿಯಲ್ಲಿದೆ. ಧೂಳಿನಲ್ಲಿ ಜಾಸ್ತಿ ಕೆಲಸ ಇದ್ದರೆ ಮೊದಲೇ ಬದಲಿಸಿ. ನಾನೀಗ ಫಿಲ್ಟರ್ ಹಾಕಿದ ದಿನವೇ ಅವರ್ ಮೀಟರಿನ ಫೋಟೋ ಮೊಬೈಲಿನಲ್ಲಿ ತೆಗೆದಿಡ್ತೀನಿ. ಇವತ್ತೇ ನಿಮ್ಮ ಮೀಟರನ್ನೂ ಒಮ್ಮೆ ನೋಡಿ.